ಕಸ್ತೂರಿಯ ಮೊದಲ ಆಲ್ಬಂನ ಎಂಟನೆಯ ಹಾಡು

ಎರಡು ವರ್ಷದ ಹಿಂದಿನ ಶ್ರಾವಣ. ಆಗ ನಾನು ಚಿಕ್ಕೋಡಿಯ ಒಂದು ಸಣ್ಣ ಸ್ಟುಡಿಯೋದಲ್ಲಿ ಸೌಂಡ್ ಎಂಜಿನಿಯರ್. ಬೋರ್ಡಿನ ಮೇಲೆ ಹಾಗೆ ಬರೆಸಿದ್ದೆ ಅಷ್ಟೇ. ಮೈಕ್ ಇಡುವುದು, ಹಾಡನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸುವುದು, ಚಹಾ ತರುವುದು, ಎಲ್ಲವೂ ನಾನೇ. ಹದಿನೆಂಟು ವರ್ಷದ ಅನುಭವವಿತ್ತು, ಅದರ ಸೊಕ್ಕೂ ಇತ್ತು. ತಾಳ್ಮೆ ಮಾತ್ರ ದೇವರು ಕೊಟ್ಟಿರಲಿಲ್ಲ.

ಆಲ್ಬಂ ಅಲಖನೂರಿನ ಕಸ್ತೂರಿಯದು. ನಲವತ್ತು ದಾಟಿದ ಹೆಂಗಸು, ಕಬ್ಬಿನ ಹೊಲದಲ್ಲಿ ಕಳೆ ತೆಗೆಯುವ ಕೆಲಸ. ಬೀಸುವ ಕಲ್ಲಿನ ಮುಂದೆ ಕುಳಿತು ಆಕೆ ಹಾಡಿದ ಮೊಬೈಲ್ ವಿಡಿಯೋ ನೋಡಿ, ಅಥಣಿಯ ನಿರ್ಮಾಪಕರೊಬ್ಬರು ಎಂಟು ಹಾಡಿನ ಆಲ್ಬಂ ಮಾಡಲು ಒಪ್ಪಿದ್ದರು. ಆದರೆ ಒಂದು ಷರತ್ತು: ಶನಿವಾರ ಮಧ್ಯಾಹ್ನದೊಳಗೆ ಎಂಟೂ ಹಾಡು ತಲುಪಬೇಕು, ಇಲ್ಲವಾದರೆ ಆ ಜಾಗ ಬೇರೆ ಗಾಯಕಿಗೆ. ಮೊದಲ ದಿನವೇ ಕಸ್ತೂರಿ ಹೇಳಿದ್ದಳು: "ಇಷ್ಟ್ ವರ್ಷ ನನ್ನ ಹೆಸರು ಬರೇ ಕೂಲಿ ಹಾಜರ್ಯಾಗ ಬರದಾರ್ರಿ. ಒಮ್ಮೆ ಹಾಡಿನ ಮ್ಯಾಲ ಬರೂದ ನೋಡಬೇಕ್ರಿ."

ಮಂಗಳವಾರ ರೆಕಾರ್ಡಿಂಗ್ ಶುರುವಾಯಿತು. ಗಾಜಿನ ಆಚೆ ಅವಳನ್ನು ಒಬ್ಬಳೇ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿದೆ. ಒಂದು ಸಾಲು ಹಾಡಿದಳು, ನಿಂತಳು. ಮತ್ತೊಂದು ಸಾಲು, ಮತ್ತೆ ನಿಂತಳು.

"ಯಾಕ್ ನಿಲ್ಲಸ್ತೀರಿ?"

"ನಿಲ್ಲಿಸಿಲ್ರಿ. ಹಾಡಾಕತ್ತೇನಲ್ರಿ."

ಎರಡು ದಿನ ಎಂಟೂ ಹಾಡಿಗೆ ಇದೇ ಗೋಳು. ನಾನು ಎದ್ದು ಕೂತು, ಕೂತು ಎದ್ದು, ಕುರ್ಚಿಗೂ ನನಗೂ ಜಗಳವೇ ನಡೆದಿತ್ತು. ಹೆದರಿಕೆಗೆ ನಿಲ್ಲುತ್ತಾಳೆ ಎಂದುಕೊಂಡೆ. ಪರದೆಯ ಮೇಲೆ ಧ್ವನಿ ಇದ್ದಲ್ಲಿ ದಿಬ್ಬ, ಇಲ್ಲದಲ್ಲಿ ಬರೀ ಗೆರೆ ಕಾಣುತ್ತದೆ. ಆ ಬರೀ ಗೆರೆಗಳನ್ನೆಲ್ಲ ಕತ್ತರಿಸಿ ತೆಗೆದೆ. ಸಾಲಿಗೆ ಸಾಲು ಅಂಟಿಸಿ, ನಡುವೆ ಹಾರ್ಮೋನಿಯಂ ತುಂಬಿದೆ. ಸಿಟ್ಟಿನ ಕೈಯಲ್ಲೇ ಮೂಲ ಫೈಲುಗಳನ್ನೂ ಅಳಿಸಿಬಿಟ್ಟೆ.

ಗುರುವಾರ ಅವಳಿಗೆ ಕೇಳಿಸಿದೆ. ಹೊಗಳಿಕೆಗೆ ಕಾದು ಕುಳಿತಿದ್ದೆ ಎನ್ನಲು ಈಗ ನಾಚಿಕೆಯಾಗುತ್ತದೆ. ಕಸ್ತೂರಿ ಹೆಡ್‌ಫೋನ್ ತೆಗೆದು ಮೆಲ್ಲಗೆ ಕೆಳಗಿಟ್ಟಳು.

"ಇದನ್ನ ಹೊರಗ ಬಿಡಬ್ಯಾಡ್ರಿ."

"ತಲಿ ಕೆಟ್ಟೈತೇನ್ರಿ ನಿಮಗ? ಶನಿವಾರ ಕೊಡಬೇಕು!"

"ಪದ್ಮವ್ವನ ಬಾಯಿ ಮುಚ್ಚಿದಂಗ ಆಗೇತ್ರಿ," ಎಂದಳು. ಅವಳ ಕಣ್ಣು ತುಂಬಿತ್ತು.

ಪದ್ಮವ್ವ ಯಾರೆಂದು ನಾನು ಮೊದಲ ಬಾರಿ ಕೇಳಿದ್ದು ಆಗ. ಬೀಸುವ ಹಾಡು ಇಬ್ಬರದು. ಕಲ್ಲಿನ ಗೂಟಕ್ಕೆ ಇಬ್ಬರೂ ಕೈ ಹಾಕುತ್ತಾರೆ. ಮುಂದಿನಾಕೆ ಒಂದು ಸಾಲು ಎತ್ತಿದರೆ ಹಿಂದಿನಾಕೆ ಉತ್ತರದ ಸಾಲು ಕೊಡುತ್ತಾಳೆ. ಕಸ್ತೂರಿ ಕಳೆ ತೆಗೆಯುವ ಹೊಲದ ಒಡತಿ, ಜೈನರ ಮನೆಯ ಪದ್ಮವ್ವ, ಇಪ್ಪತ್ತು ವರ್ಷದಿಂದ ಅವಳ ಹಿಂದಿನಾಕೆ. ವಿಡಿಯೋದಲ್ಲಿ ಚೌಕಟ್ಟಿನ ಹೊರಗಿಂದ ಬಂದ ಅವಳ ದನಿಯನ್ನು ನಾನು ಗೋಡೆಯ ಪ್ರತಿಧ್ವನಿ ಎಂದುಕೊಂಡಿದ್ದೆ. ನನ್ನ ಅನುಭವಕ್ಕಿಷ್ಟು ಬೆಂಕಿ ಹಾಕ!

"ಮೊದಲ ಯಾಕ ಹೇಳಲಿಲ್ಲ?"

"ನೀವೆಲ್ಲಿ ಕೇಳಿದ್ರಿ? ಒಬ್ಬಾಕಿನ ಬಾ ಅಂದ್ರಿ, ಬಂದ್ನಿ."

"ಹಂಗಾರ ನಾಳೆ ಕರ್ಕೊಂಡು ಬರ್ರಿ."

"ಬರೂದಿಲ್ರಿ. ಚಾತುರ್ಮಾಸ ಐತಿ. ನಾಕ್ ತಿಂಗಳು ಊರ ಸೀಮಿ ದಾಟೂದಿಲ್ಲಂತ ವ್ರತ ಹಿಡದಾಳ."

ಶುಕ್ರವಾರ ಎರಡು ಮೈಕ್, ಒಂದು ಲ್ಯಾಪ್‌ಟಾಪ್ ಕಟ್ಟಿಕೊಂಡು ನಾನೇ ಅಲಖನೂರಿಗೆ ಹೋದೆ. ಪದ್ಮವ್ವ ಅರವತ್ತರ ಗಟ್ಟಿ ಹೆಂಗಸು. ಬಾಗಿಲಲ್ಲೇ ಹೇಳಿದಳು: "ಹೊತ್ತು ಮುಳುಗೂದ್ರಾಗ ನಾ ಊಟ ಮುಗಿಸಾಕಿ. ನಿಮ್ಮ ಪೆಟಗಿ ಲಗೂನ ತೆಗೀರಿ."

ಲಗೂನ ಎಲ್ಲಿ ಬಂತು! ಓಣಿಯ ಹಿಟ್ಟಿನ ಗಿರಣಿ ಗುರ್ ಎನ್ನುತ್ತಿತ್ತು. ಬೀಸುವ ಹಾಡಿಗೆ ಗಿರಣಿಯೇ ಅಡ್ಡ. ಅದು ನಿಲ್ಲುವವರೆಗೆ ಅಂಗಳದಲ್ಲಿ ಎರಡು ತಾಸು ಶತಪಥ ತಿರುಗಿದೆ. "ಕುಂಡ್ರಿ ಮಾರಾಯಾ, ಅಂಗಳ ಸವದೀತು!" ಎಂದು ಪದ್ಮವ್ವ ನಕ್ಕಳು. ನನಗೆ ನಗು ಬರಲಿಲ್ಲ.

ಕೊನೆಗೆ ಇಬ್ಬರೂ ಕಲ್ಲಿಗೆ ಕುಳಿತರು. ಏಳು ಹಾಡು ಒಂದೇ ಏಟಿಗೆ ಮುಗಿದವು. ಎಂಟನೆಯದಕ್ಕೆ ಬಂದಾಗ ಕಸ್ತೂರಿಯ ಗಂಟಲು ಕಟ್ಟಿತು. ಸ್ಟುಡಿಯೋದಲ್ಲಿ ನಾನೇ ಎರಡು ದಿನ ಹಾಡಿಸಿ ಹಾಡಿಸಿ ಹಾಳು ಮಾಡಿದ್ದ ಗಂಟಲು ಅದು. ಬಿಸಿನೀರು ಕುಡಿದರೂ ದನಿ ಏಳಲಿಲ್ಲ. ಸಂಜೆಯ ಬಿಸಿಲು ಆಗಲೇ ಮಾಳಿಗೆ ಏರಿತ್ತು.

ಕಸ್ತೂರಿ ಪಿಸುಗುಟ್ಟಿದಳು: "ನಾ ಸ್ಟುಡಿಯೋದಾಗ ಹಾಡಿದ್ದು ನಿಮ್ಮ ಕಡೆ ಐತೆಲ್ರಿ. ಅಕಿ ಸಾಲಷ್ಟ ಹಾಡ್ಲಿ."

ಐತೆಲ್ರಿ! ಮೂಲ ಅಳಿಸಿದ್ದೆ, ಉಳಿದದ್ದು ಹಾರ್ಮೋನಿಯಂ ಬೆರೆತ ತುಂಡುಗಳು; ಅದನ್ನು ಮುಚ್ಚಿಟ್ಟು ತಲೆಯಾಡಿಸಿ ಮೈಕ್ ಹಚ್ಚಿದೆ. ಕಸ್ತೂರಿ ದನಿಯಿಲ್ಲದೆ ತುಟಿ ಆಡಿಸಿದಳು: 'ಕಬ್ಬಿನ ರವದ್ಯಾಗ ಕಳದೋತ ಕಾಲುಂಗ್ರ.' ರವದಿ ಎಂದರೆ ಕಬ್ಬಿನ ಒಣ ಗರಿ. ಪದ್ಮವ್ವ ಆ ತುಟಿ ನೋಡುತ್ತಲೇ ದನಿ ಎತ್ತಿದಳು: 'ಹುಡುಕಾಕ ಬಂದಾಕಿ ನಾ ಅಲ್ಲೇನ.' ಮುಗಿದದ್ದೇ ತಡ, ಎದ್ದು ಊಟಕ್ಕೆ ಹೋದಳು.

ಚಿಕ್ಕೋಡಿಗೆ ಮರಳಿದರೆ ಕರೆಂಟಿಲ್ಲ. ಶನಿವಾರ ಬೆಳಿಗ್ಗೆ ಕರೆಂಟ್ ಬಂದಾಗ ಕಂಪ್ಯೂಟರಿನ ಕಸದಬುಟ್ಟಿ ತೆರೆದೆ. ಮೂಲ ಫೈಲು ಅದರೊಳಗೇ ಬಿದ್ದಿತ್ತು. ಸೋಮಾರಿತನಕ್ಕೆ ನಾನು ಎಂದೂ ಅದನ್ನು ಖಾಲಿ ಮಾಡಿದವನಲ್ಲ. ಜೀವಮಾನದಲ್ಲಿ ಒಮ್ಮೆ ಆ ಸೋಮಾರಿತನಕ್ಕೆ ಕೈ ಮುಗಿದೆ.

ಕಸ್ತೂರಿಯ ಸಾಲಿನ ಕೆಳಗೆ ಪದ್ಮವ್ವನ ಸಾಲು ಇಟ್ಟೆ. ಹಿಗ್ಗಿಸಿ ಕುಗ್ಗಿಸಿ ಹೊಂದಿಸಲು ತಾಸುಗಟ್ಟಲೆ ಬೇಕಾದೀತು ಎಂದುಕೊಂಡಿದ್ದೆ. ಕೂದಲೆಳೆಯಷ್ಟೂ ಸರಿಸಬೇಕಾಗಲಿಲ್ಲ. ಒಂದು ಸಾಲಲ್ಲ, ಪ್ರತಿ ಸಾಲೂ ಆ ಬರೀ ಗೆರೆಯಲ್ಲಿ ಹೋಗಿ ಕುಳಿತಿತು. ಗಾಜಿನ ಆಚೆ ಒಬ್ಬಳೇ ಕುಳಿತಾಗಲೂ ಕಸ್ತೂರಿ ಗೆಳತಿಯ ಪಾಲನ್ನು ಅಳತೆ ತಪ್ಪದೆ ಬಿಟ್ಟುಕೊಡುತ್ತಿದ್ದಳು. ನಾನು ಕತ್ತರಿಸಿ ಎಸೆದದ್ದು ಅದನ್ನು. ಕುರ್ಚಿಯಲ್ಲೇ ಕುಳಿತು ಅತ್ತೆ.

ಹನ್ನೆರಡಕ್ಕೆ ಮೊದಲೇ ಎಂಟೂ ಹಾಡು ತಲುಪಿಸಿದೆ. ಒಂದೇ ಹೆಸರಿರಲಿ ಎಂದು ನಿರ್ಮಾಪಕರು ಹಟ ಹಿಡಿದರು. "ಹಂಗಾರ ಅರ್ಧರ್ಧ ಹಾಡು ಬಿಡ್ರಿ," ಎಂದು ಕಸ್ತೂರಿ ಫೋನಿನಲ್ಲಿ ಒಡೆದ ದನಿಯಲ್ಲೇ ಹೇಳಿದಳು. ಮುಖಪುಟದ ಮೇಲೆ ಎರಡು ಹೆಸರು ಬಂದವು.

ಈಗಲೂ ಕುಂತಲ್ಲಿ ಕೂರುವ ಮನುಷ್ಯ ನಾನಲ್ಲ. ಆದರೆ ಹಾಡುವವರು ನಡುವೆ ನಿಂತರೆ ಕತ್ತರಿಗೆ ಕೈ ಹಾಕುವುದಿಲ್ಲ. ಎದ್ದು ಗಾಜಿನ ಆಚೆ ಹೋಗಿ, ಬಗ್ಗಿ ಕೇಳುತ್ತೇನೆ: "ಇಲ್ಲಿ ಯಾರು ಬರಬೇಕ್ರಿ?"