ಹೆಸರು ಹಿಡಿಯದ ಸೊಸೆ

ಮ್ಜಿಮಾಸಿ ಮೇಷ್ಟ್ರು ಎಂಗ್ಕೋಬೊ ಬೆಟ್ಟದ ನಮ್ಮ ಹಳ್ಳಿಯ ಶಾಲೆಗೆ ವರ್ಗವಾಗಿ ಬಂದ ದಿನ ತೊಯ್ದು ತೊಪ್ಪೆಯಾಗಿದ್ದರು. ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು, ದಾರಿಯಲ್ಲಿ ಮೊದಲು ಕಂಡ ದುಂಡುಮನೆಯ ಬಾಗಿಲು ತಟ್ಟಿದರು. ಒಳಗೆ ನೊಖಾಯ ಒರಳಿನಲ್ಲಿ ಮೆಕ್ಕೆಜೋಳ ಕುಟ್ಟುತ್ತಿದ್ದಳು. ಕೈ ಬಿಡುವಿರಲಿಲ್ಲ.

“ಮುಚ್ಕೊಂಡಿದ್ದು ಸಾಕು ಅಂತ ಬಾಗಿಲಿಗೆ ನೀವೇ ಹೇಳಿ, ಒಳಗೆ ಬನ್ನಿ,” ಎಂದಳು.

ಮೇಷ್ಟ್ರು ಒಳಗೆ ಬಂದರು. ಅವರ ಕೋಟಿನಿಂದ ನೀರಿಳಿಯುವುದನ್ನು ಕಂಡು, “ಮೇಲಿನೋರು ಇವತ್ತು ನಿಮ್ಮನ್ನ ಚೆನ್ನಾಗೇ ನೆನೆಸಿದಾರೆ,” ಎನ್ನುತ್ತ ಒಣ ಕಂಬಳಿಯೊಂದನ್ನು ಚಾಚಿದಳು.

ಪಟ್ಟಣದಲ್ಲಿ ಬೆಳೆದ ಮೇಷ್ಟ್ರಿಗೆ ಈ ಹೆಂಗಸು ಸುತ್ತು ಬಳಸಿ ಮಾತನಾಡುವುದು ವಿಚಿತ್ರವೆನಿಸಿತು. ಮಳೆ ಜೋರಾಗಿದೆಯಲ್ಲವೇ ಎಂದು ಕೇಳಿದರು; ಅವಳು ಹೌದೆಂದು ತಲೆಯಾಡಿಸಿದಳೇ ಹೊರತು ಮಳೆ ಎನ್ನಲಿಲ್ಲ. ಇಲ್ಲಿ ಮಳೆಗಾಲ ಯಾವಾಗ ಎಂದು ಕೇಳಿದರು. ಅವಳು ನಕ್ಕು, ಮೂಲೆಯಲ್ಲಿ ಚಿಲುಮೆ ಸೇದುತ್ತ ಕುಳಿತಿದ್ದ ಮಾವನ ಕಡೆ ನೋಡಿದಳು.

“ನನ್ನ ಹೆಸರು ಮ್ವುಲಾ, ಮೇಷ್ಟ್ರೆ,” ಎಂದ ಮುದುಕ. “ಈ ಸೊಸೆ ಬಂದಾಗಿಂದ ನಮ್ಮನೇಲಿ ಮಳೆನೇ ಬಂದಿಲ್ಲ.”

ನಮ್ಮ ಮಾತಿನಲ್ಲಿ ಮ್ವುಲಾ ಎಂದರೆ ಮಳೆ. ಮಾವನ ಹೆಸರನ್ನು ಸೊಸೆ ಬಾಯಿಗೆ ತರುವಂತಿಲ್ಲ. ಆ ಹೆಸರಿನ ದನಿ ಅಡಗಿರುವ ಬೇರೆ ಮಾತನ್ನೂ ಆಡುವಂತಿಲ್ಲ. ಮ್ವುಲಾ ಎಂಬುದರ ತಲೆ ಕತ್ತರಿಸಿದರೆ ಉಳಿಯುವುದು ವುಲಾ, ಅಂದರೆ ‘ತೆರೆ’ ಎಂಬ ಮಾತು. ಹೀಗಾಗಿ ನೊಖಾಯಳಿಗೆ ಮಳೆಯೂ ಇರಲಿಲ್ಲ, ತೆರೆಯುವುದೂ ಇರಲಿಲ್ಲ. ಮೇಷ್ಟ್ರು ಇದನ್ನು ಪಾಠದಲ್ಲಿ ಓದಿದ್ದರು. ಜೋಳ ಕುಟ್ಟುತ್ತಲೇ ಹೀಗೆ ಬದುಕುವವಳನ್ನು ಕಂಡದ್ದು ಅಂದೇ.

ಹೆತ್ತವರು ಅವಳಿಗಿಟ್ಟ ಹೆಸರು ಲುಂಗೆಲ್ವ. ಮದುವೆಯಾಗಿ ಬಂದ ದಿನ ಅತ್ತೆ ತಲೆಗೆ ವಸ್ತ್ರ ಕಟ್ಟಿ ನೊಖಾಯ, ಅಂದರೆ ಮನೆಯವಳು, ಎಂದು ಕರೆದಳು. ಊರವರಿಗೆ ಅವಳು ತವರಿನ ಕುಲದಿಂದ ಮಾಭೇಲೆ. ಹೊಸತರಲ್ಲಿ ಅತ್ತೆ ಅವಳಿಗೆ ಬದಲಿ ಮಾತುಗಳನ್ನು ಒಂದೊಂದಾಗಿ ಕಲಿಸಿದಳು. ಅತ್ತೆಯ ಗಂಟು ಮುಗಿದ ಮೇಲೆ ನೊಖಾಯ ತಾನೇ ಕಟ್ಟತೊಡಗಿದಳು. ಸಣ್ಣ ಜಿನುಗು ಅವಳ ಬಾಯಲ್ಲಿ ‘ಅಜ್ಜಿಯ ಸೀನು’. ದೊಡ್ಡ ಹನಿ ಬಿದ್ದರೆ ‘ಮೇಲಿನವರ ದನ ಇಳಿದವು’. ಬಿಸಿಲಿದ್ದೂ ಹನಿದರೆ ‘ನಗುತ್ತ ಅತ್ತರು’.

ಮಕ್ಕಳು ತಾಯಿಯ ಮಾತನ್ನೇ ಮಾತೆಂದುಕೊಂಡು ಬೆಳೆದರು. ಮಗಳು ಒಮ್ಮೆ ಪ್ರಬಂಧದಲ್ಲಿ, ಅಜ್ಜಿಯ ಸೀನು ಬಿದ್ದುದರಿಂದ ನಾವು ಆಟ ನಿಲ್ಲಿಸಿದೆವು ಎಂದು ಬರೆದಳು. ಯಾವ ಅಜ್ಜಿ, ಏನಾಗಿತ್ತು ಆಕೆಗೆ ಎಂದು ಮೇಷ್ಟ್ರು ಗಾಬರಿಯಿಂದ ವಿಚಾರಿಸಿಕೊಂಡು ಬಂದರು. ವಿಷಯ ತಿಳಿದು ನಕ್ಕರು. ಆಮೇಲೆ, ಅವರ ಸ್ವಭಾವದಂತೆ, ವಾದಕ್ಕಿಳಿದರು.

“ಅರ್ಧ ಭಾಷೆನೇ ನಿಮ್ಮಿಂದ ಕಿತ್ಕೊಂಡಿದಾರಲ್ಲಮ್ಮ.”

“ಕಿತ್ತ ಜಾಗದಲ್ಲಿ ನಾನು ಬೇರೆ ನೆಟ್ಟಿದೀನಲ್ಲ ಮೇಷ್ಟ್ರೆ,” ಎಂದಳು ನೊಖಾಯ.

ಉತ್ತರವೇನೋ ಥಟ್ಟನೆ ಬಂದಿತ್ತು. ಆದರೆ ಮೇಷ್ಟ್ರ ಮಾತು ಮನಸ್ಸಿನ ಮೂಲೆಯಲ್ಲಿ ಮುಳ್ಳಿನಂತೆ ಉಳಿಯಿತು. ನೆಟ್ಟದ್ದು ನನ್ನದೋ, ಬರಿಯ ಅಂಜಿಕೆಯೋ ಎಂದು ಆಗಾಗ ಕೇಳಿಕೊಳ್ಳುತ್ತಿದ್ದಳು.

ಅತ್ತೆ ತೀರಿಕೊಂಡ ಮೇಲೆ ಮ್ವುಲಾ ಮುದುಕನಿಗೆ ಮರೆವು ಹಿಡಿಯಿತು. ಮೊದಲು ಎತ್ತುಗಳ ಹೆಸರು ಹೋದವು, ಆಮೇಲೆ ಮಕ್ಕಳದು. ಒಂದು ದಿನ ಪಕ್ಕದ ಮನೆಯ ಮಾರಾದೇಬೆ ಬೇಲಿಯಾಚೆಯಿಂದ ಅವನ ಹೆಸರು ಹಿಡಿದು ಕ್ಷೇಮ ಕೇಳಿದರೆ, ಮುದುಕ ಸೊಸೆಯ ಕಡೆ ತಿರುಗಿ, ಅವಳು ಯಾರನ್ನ ಕೇಳ್ತಿದಾಳೆ ಎಂದ. ನೊಖಾಯ ಪ್ರತಿ ಬೆಳಿಗ್ಗೆ ಉದುರುಹಿಟ್ಟಿಗೆ ಹುಳಿಮೊಸರು ಹಾಕಿ ಅವನ ಮುಂದಿಡುವಾಗ ‘ಗುಬೇನಿ’ ಎಂದು ಕುಲದ ಹೆಸರಿನಿಂದ ಕರೆದು, ಕುಲದ ಹೊಗಳಿಕೆಯ ಒಂದೆರಡು ಸಾಲು ಹೇಳುತ್ತಿದ್ದಳು. ಕುಲದ ಹೆಸರಿಗೆ ಆ ಕಟ್ಟುಪಾಡಿಲ್ಲ. ಜ್ವರ ಬಂದ ಕೂಸಿಗೂ, ದಣಿದು ಬಂದ ಗಂಡನಿಗೂ ಮನೆಯ ಹೆಂಗಸು ಹೇಳಲೇಬೇಕಾದ ಸಾಲುಗಳವು. ಮುದುಕ ಕೇಳಿ, ತೃಪ್ತನಾಗಿ ಉಣ್ಣುತ್ತಿದ್ದ.

ಚಳಿಗಾಲದ ಒಂದು ಮಧ್ಯಾಹ್ನ ಬೆಟ್ಟಕ್ಕೆ ದಟ್ಟ ಮಂಜು ಕವಿಯಿತು. ನೊಖಾಯ ಒರತೆಯಿಂದ ನೀರು ತರುವಷ್ಟರಲ್ಲಿ ಮುದುಕನ ಮಣೆ ಬರಿದಾಗಿತ್ತು, ಊರುಗೋಲೂ ಇರಲಿಲ್ಲ. ಕತ್ತಲಾಗುವುದರೊಳಗೆ ಸಿಗದಿದ್ದರೆ ಆ ಹಣ್ಣುಜೀವ ಉಳಿಯುವಂತಿರಲಿಲ್ಲ. ಗಂಡ ಲಾರಿ ಹತ್ತಿ ಡರ್ಬನ್ನಿಗೆ ಹೋಗಿದ್ದ. ಅವಳ ಕೂಗಿಗೆ ಮಾರಾದೇಬೆ ಬಂದಳು; ಮೇಷ್ಟ್ರು ಶಾಲೆ ಬಿಟ್ಟು ಬಂದರು; ಕೇರಿಗೆ ಕೇರಿಯೇ ಇಳಿಜಾರಿನಲ್ಲಿ ಹರಡಿಕೊಂಡು “ತಾತಾ ಮ್ವುಲಾ, ಮ್ವುಲಾ” ಎಂದು ಕರೆಯತೊಡಗಿತು. ಮಂಜಿನಲ್ಲಿ ಕರೆಯ ಬಾಲ ಮಾತ್ರ ದೂರ ಹೋಗುತ್ತಿತ್ತು. ಮರುದನಿ ಬರಲಿಲ್ಲ. ಜನ ಇನ್ನೂ ಜೋರಾಗಿ ಕರೆದರು.

ನೊಖಾಯ ಒಬ್ಬಳು ಬಾಯಿ ಬಿಡದೆ ಪೊದೆ ಪೊದೆ ಹುಡುಕುತ್ತಿದ್ದಳು. ಮಾರಾದೇಬೆ ಅವಳ ರಟ್ಟೆ ಹಿಡಿದಳು.

“ಇನ್ನೂ ಹಲ್ಲು ಕಚ್ಕೊಂಡಿದೀಯಲ್ಲೇ ತಾಯಿ. ಅವನಿಗೆ ಗೊತ್ತಿರೋದು ನಿನ್ನ ದನಿ ಒಂದೇ. ಕೂಗು. ಮರ್ಯಾದೆ ಎಲ್ಲಿಗೂ ಓಡಿಹೋಗಲ್ಲ, ಆಮೇಲೆ ಇಟ್ಕೊಳ್ಳುವಿಯಂತೆ.”

ಮೇಷ್ಟ್ರೂ ಮೆಲ್ಲಗೆ, “ಒಂದೇ ಒಂದು ಸಲ, ಮಾಭೇಲೆ. ಯಾರೂ ತಪ್ಪು ತಿಳ್ಕೊಳಲ್ಲ,” ಎಂದರು.

ಅವಳು ನಿಜಕ್ಕೂ ಕೂಗಲೆಂದೇ ಬಾಯಿ ತೆರೆದಳು. ತುಟಿ ಕೂಡಿತು, ಅದರಾಚೆ ನಾಲಿಗೆ ಏಳಲಿಲ್ಲ. ಯಾರ ಅಂಜಿಕೆಯೂ ಆಗ ಅವಳಿಗಿರಲಿಲ್ಲ. ಆ ಹೆಸರು ಇರಬೇಕಾದ ಜಾಗದಲ್ಲಿ ಅಷ್ಟು ವರ್ಷ ಬೇರೇನೇನೋ ಬೆಳೆದಿತ್ತು. ಆ ಹೆಸರಿನಿಂದ ಕೂಗಿದರೆ ಬೇರೆ ಯಾರ ಮಾವನನ್ನೋ ಕೂಗಿದಂತಾಗುತ್ತಿತ್ತು. ಆಗಲೇ ಅವಳಿಗೆ ಹೊಳೆಯಿತು: ಆ ಹೆಸರು ಅವನ ಬಳಿಯೂ ಈಗ ಇಲ್ಲವಲ್ಲ.

ಎಲ್ಲರೂ ಸುಮ್ಮನಿರಬೇಕೆಂದು ಕೈಸನ್ನೆ ಮಾಡಿದಳು. ಹೆಗಲ ಕಂಬಳಿ ಬಿಗಿದುಕೊಂಡು, ಬೆಳಿಗ್ಗೆ ಉಣಬಡಿಸುವಾಗ ಹೇಳುವುದನ್ನೇ ಬೆಟ್ಟಕ್ಕೆ ಕೇಳುವಂತೆ ಹೇಳಿದಳು:

“ಗುಬೇನಿ! ಕರುವ ಹೆಗಲಲ್ಲಿ ಹೊತ್ತು ಹೊಳೆ ದಾಟಿದವನೇ!”

ಮಂಜು ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎಡಗಡೆಯ ಕೊರಕಲಿನಿಂದ, ಪಾಠ ಮರೆತವನನ್ನು ತಿದ್ದುವಂತೆ, ಸಿಡುಕಿನ ಸಣ್ಣ ದನಿಯೊಂದು ಬಂತು:

“ದಾಟಿ ನಿಂತು ಹೊಳೆಗೇ ದಾರಿ ತೋರಿದವನೇ.”

ಅವಳು ಮುಂದಿನ ಸಾಲು ಹೇಳಿದಳು. ಅವನು ಅದರ ಮುಂದಿನದು. ಸಾಲು ಹಿಡಿದು ಸಾಲು ಹಿಡಿದು ಜನ ಕೊರಕಲಿಗೆ ಇಳಿದರು. ದನಗಾಹಿಗಳು ಮಳೆ ಬಂದಾಗ ನುಸುಳುವ ಚಾಚುಬಂಡೆಯ ಕೆಳಗೆ, ಒಳಗೋಡೆಗೆ ಬೆನ್ನೊತ್ತಿ, ಮುದುಕ ಬೆಚ್ಚಗೆ ಮುದುಡಿ ಕುಳಿತಿದ್ದ.

“ಅಷ್ಟು ಜನ ಕೂಗಿದ್ವಿ, ಯಾಕೆ ತಾತ ಓಗೊಡ್ಲಿಲ್ಲ?” ಎಂದರು ಮೇಷ್ಟ್ರು.

ಮುದುಕ ದಡ್ಡ ಹುಡುಗನನ್ನು ನೋಡುವಂತೆ ಅವರನ್ನು ನೋಡಿದ. “ಎಲ್ರೂ ಮಳೆ, ಮಳೆ ಅಂತ ಅರಚ್ತಿದ್ರು. ಮಳೆ ಅಂದ್ರೆ ಬಂಡೆ ಕೆಳಗೆ ಹೋಗ್ಬೇಕು ಅಂತ ನಮ್ಮಪ್ಪ ಹೇಳಿದಾನೆ. ನಿಮ್ಮಪ್ಪ ಹೇಳಿಲ್ವಾ?”

ಊರು ಕೂಗಿದಷ್ಟೂ ಅವನು ಒಳಗೊಳಗೆ ಸರಿದಿದ್ದ. ಮಾರಾದೇಬೆ ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮುದುಕ ಮಾತ್ರ ಸೊಸೆಯನ್ನೇ ನೋಡುತ್ತಿದ್ದ.

“ನನ್ನನ್ನ ಕರೆದೋಳು ಇವಳೊಬ್ಬಳೇ,” ಎಂದ. “ಯಾರ ಮಗಳಮ್ಮ ನೀನು?”

ನೊಖಾಯ ಅವನೆದುರು ಮಂಡಿಯೂರಿ ಕುಳಿತಳು. ಆ ಮನೆಗೆ ಬಂದ ಮೇಲೆ ತನ್ನ ತಂದೆಯ ಕುಲದ ಸಾಲುಗಳನ್ನು ಅವಳು ಗಟ್ಟಿಯಾಗಿ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಅಂದು ಮೊದಲಿನಿಂದ ಕೊನೆಯವರೆಗೆ, ಒಂದನ್ನೂ ಬಿಡದೆ ಹೇಳಿದಳು. ಮುದುಕ ಗಲ್ಲಕ್ಕೆ ಕೋಲು ಆನಿಸಿಕೊಂಡು ಪೂರ್ತಿ ಕೇಳಿದ.

“ಒಳ್ಳೆ ಜನ. ಅವರ ಮನೆ ಹೆಣ್ಣು ತರಬೇಕು ನಮಗೆ.”

“ತಂದಾಯ್ತು, ಗುಬೇನಿ. ಎದ್ದೇಳಿ, ಚಳಿ ಆಗ್ತಿದೆ,” ಎಂದು ಅವಳು ಅವನ ಕೈ ಹಿಡಿದಳು.

ಮನಸ್ಸಿನ ಮುಳ್ಳು ಅಂದು ಬಂಡೆಯಡಿಯಲ್ಲೇ ಉದುರಿತು. ನೆಟ್ಟದ್ದು ತನ್ನದೇ ಎಂಬ ಧೈರ್ಯದಿಂದ ಅವಳು ಇನ್ನೂ ಕೆಲವನ್ನು ನೆಡಲು ಹೊರಟಳು. ನಮ್ಮಲ್ಲಿ ಹೊಗಳಿಕೆ ಕಟ್ಟುವವರು ಗಂಡಸರು, ಹೊಗಳಿಸಿಕೊಳ್ಳುವವರೂ ಬಹುಪಾಲು ಅವರೇ. ನೊಖಾಯ ಮೊದಲು ತೀರಿಹೋದ ಅತ್ತೆಗೆ ನಾಲ್ಕು ಸಾಲು ಕಟ್ಟಿದಳು. ಆಮೇಲೆ ಮಾರಾದೇಬೆಗೆ ಕಟ್ಟಿದಳು. ಅದರಲ್ಲಿ ನಾಲಿಗೆಯ ಹರಿತದ ಮಾತೂ ಇತ್ತೆಂದು ಮಾರಾದೇಬೆ ಎರಡು ದಿನ ಮುನಿಸಿಕೊಂಡು, ಮೂರನೆಯ ದಿನ ಅದನ್ನೇ ಬಾಯಿಪಾಠ ಮಾಡಿಕೊಂಡು ಓಡಾಡಿದಳು. ಕುಲದ ಹಿರಿಯರು ಹುಬ್ಬು ಗಂಟಿಕ್ಕಿದರು. ಮುಂದಿನ ಮದುವೆಯಲ್ಲಿ ಅವರೇ ಅವಳಿಗೆ ನಿಂತು ಸಾಲು ಹೇಳಲು ಜಾಗ ಬಿಟ್ಟುಕೊಟ್ಟರು. ಮ್ವುಲಾ ಮುದುಕ ಮತ್ತೆ ಕೆಲವು ಚಳಿಗಾಲ ಕಂಡು, ತನ್ನ ಮಣೆಯ ಮೇಲೆಯೇ ಕಣ್ಮುಚ್ಚಿದ.

ಮೇಷ್ಟ್ರು ಈಗ ನಿವೃತ್ತರು. ಸಂಜೆ ಅವಳ ಜಗಲಿಯಲ್ಲಿ ಕುಳಿತು ಹೊಸ ಸಾಲುಗಳನ್ನು ಕೇಳುತ್ತಾರೆ. ಈ ವರ್ಷ ನೊಖಾಯಳ ಮನೆಗೆ ಸೊಸೆ ಬಂದಿದ್ದಾಳೆ. ಹೆಸರು ಆಖೋನ, ಆಸ್ಪತ್ರೆಯಲ್ಲಿ ದಾದಿ, ಮೋಟಾರುಬೈಕಿನಲ್ಲಿ ಹಳ್ಳಿ ಹಳ್ಳಿ ಸುತ್ತುತ್ತಾಳೆ. ಬದಲಿ ಮಾತುಗಳ ಗಂಟು ತನಗೆ ಹೊರಲಾಗದೆಂದು ಅವಳು ಮೊದಲ ದಿನವೇ ಅಂಜಂಜುತ್ತ ಹೇಳಿದಳಂತೆ. ಹಿಡಿಸಿದ್ದನ್ನು ಇಟ್ಟುಕೋ, ಉಳಿದದ್ದು ನನ್ನ ಹತ್ತಿರ ಇರಲಿ ಎಂದು ಅತ್ತೆ ಅಂದಳಂತೆ. ಸದ್ಯಕ್ಕೆ ನೊಖಾಯ ಆ ಹುಡುಗಿಗೆ ಸಾಲು ಕಟ್ಟುತ್ತಿದ್ದಾಳೆ. ಜ್ವರದೊಡನೆ ಜಗಳವಾಡಿ ಗೆದ್ದವಳೇ ಎಂಬಲ್ಲಿಗೆ ಬಂದಿದೆ. ಬೈಕನ್ನೂ ಸೇರಿಸಬೇಕೆಂದು ಸೊಸೆಯ ಹಟ. ಅದಕ್ಕೆ ಒಪ್ಪುವ ಮಾತನ್ನು ಹುಡುಕುತ್ತ ನೊಖಾಯ ಜೋಳ ಕುಟ್ಟುವುದನ್ನು ನಡುವೆ ನಿಲ್ಲಿಸಿ, ಒನಕೆ ಹಿಡಿದು ನಿಂತುಬಿಡುತ್ತಾಳೆ.