ಬಾಗಿಲಿಲ್ಲದ ಲಿಫ್ಟಿನೆದುರು ದೊಡ್ಡವ್ವ

ದೊಡ್ಡವ್ವನ ಹಿಮ್ಮಡಿಯ ಬಿರುಕುಗಳಲ್ಲಿ ಸಿಮೆಂಟು ಕೂತು ಗಟ್ಟಿಯಾಗಿಬಿಟ್ಟಿತ್ತು. ಕಲ್ಲಿಗೆ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಅವಳು ನನ್ನ ಸ್ವಂತ ದೊಡ್ಡವ್ವನೇನಲ್ಲ, ಪಕ್ಕದ ಶೆಡ್ಡಿನವಳು. ಯಾದಗಿರಿ ಕಡೆಯಿಂದ ಪುಣೆಗೆ ದುಡಿಯಲು ಬಂದ ನಮ್ಮಂಥವರ ಮಕ್ಕಳಿಗೆಲ್ಲ ಅವಳು ದೊಡ್ಡವ್ವನೇ.

ಕಂಪ್ಯೂಟರ್ ಕಂಪನಿಗಳ ಕಟ್ಟಡ ಎಲ್ಲಿ ಏಳುತ್ತಿತ್ತೋ ಅಲ್ಲಿ ನಮ್ಮ ತಗಡಿನ ಶೆಡ್ಡು. ಯೆರವಡಾದ್ದು ಮುಗಿಯಿತು, ಗಾಜು ಹಾಕಿದರು, ನಮ್ಮನ್ನು ಎಬ್ಬಿಸಿದರು. ಖರಾಡಿಗೆ ಹೋದೆವು. ಆಗ ಅಲ್ಲಿ ಇನ್ನೂ ಹೊಲಗಳಿದ್ದವು. ಊರು ಯಾವ ದಿಕ್ಕಿಗೆ ಹಬ್ಬಿತು ಎಂಬುದನ್ನು ನಾನು ನಕಾಶೆ ನೋಡಿ ತಿಳಿದವಳಲ್ಲ, ಗಂಟುಮೂಟೆ ಹೊತ್ತು ತಿಳಿದವಳು.

ಅವ್ವಂದಿರು ಬುಟ್ಟಿ ಹೊರಲು ಹೋದರೆ ನಮ್ಮನ್ನು ಕಾಯುವುದು ದೊಡ್ಡವ್ವನ ಕೆಲಸ. ಹಳೆಯ ಸೀರೆ ಹರಿದು ಚಿಕ್ಕವರ ಸೊಂಟಕ್ಕೆ ಬಿಗಿದು ಕಂಬಕ್ಕೆ ಕಟ್ಟುತ್ತಿದ್ದಳು. ದೊಡ್ಡವರನ್ನು ಗಳಿಗೆಗೊಮ್ಮೆ ಹೆಸರು ಹಿಡಿದು ಕೂಗುತ್ತಿದ್ದಳು. "ಓ" ಅನ್ನುವುದು ತುಸು ತಡವಾದರೂ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ಆಮೇಲೆ ಬೆನ್ನಿಗೆ ಬೀಳುತ್ತಿದ್ದ ಗುದ್ದು ಮಾತ್ರ ಯಾರಿಗೂ ಬೇಡ. ಯೆರವಡಾದ ಕಟ್ಟಡದಲ್ಲಿ ಅವಳ ಮಗಳು ಲಿಫ್ಟಿನ ಗುಂಡಿಗೆ ಬಿದ್ದು ಸತ್ತಿದ್ದಳು. ಅಂದಿನಿಂದ ದೊಡ್ಡವ್ವ ಒಂದು ಮಹಡಿಯನ್ನೂ ಹತ್ತಿರಲಿಲ್ಲ.

ಖರಾಡಿಯಲ್ಲಿ ಒಂದು ದಿನ, ಕೂಲಿಯವರ ಮೇಲ್ವಿಚಾರಣೆಯ ಮುಕಾದಮ ಓಡಿಬಂದ.

"ಕಂಪನಿ ಸಾಹೇಬರು ಬರಾಕತ್ತಾರ. ಹುಡುಗರು ಕಣ್ಣಿಗೆ ಬೀಳಬಾರದು. ಎಲ್ಲಾರನ್ನೂ ಮ್ಯಾಲ ಕರ್ಕೊಂಡು ಹೋಗು."

"ಬ್ಯಾಡ್ರಿ ಯಪ್ಪಾ, ಮ್ಯಾಲ ಲಿಫ್ಟಿಗೆ ಬಾಗಲಾನ ಇಲ್ಲ. ಶೆಡ್ಡಿನ್ಯಾಗ ಸುಮ್ಮ ಕೂಡಿಸ್ಕೋತೀನ್ರಿ."

"ಶೆಡ್ಡೂ ನೋಡ್ತಾರ ಅವರು. ಹೋಗ್ತೀಯೋ, ಇವರ ಅವ್ವಗೋಳ ಕೆಲಸಾ ಬಂದ್ ಮಾಡ್ಲೋ?"

ಹೋದಳು. ಒಂದು ಕೂಸು ಕಂಕುಳಲ್ಲಿ, ಇನ್ನೊಂದು ಕೈ ಗೋಡೆಗೆ. ಮೇಲೆ ಬರೀ ನೆಲ, ನಡುವೆ ಬಾಗಿಲಿಲ್ಲದ ಆ ಕಪ್ಪು ಕಂಡಿ. ಕಂಬಗಳೋ ಸೀರೆ ಚೂರು ಸುತ್ತಲಾಗದಷ್ಟು ದಪ್ಪ, ಕೂಸುಗಳನ್ನು ಕಟ್ಟಲಾಗಲಿಲ್ಲ. ಅಂಬೆಗಾಲಿಡುವ ಕೂಸೊಂದು ಆಗಲೇ ಅತ್ತ ಹೊರಟಿತ್ತು. ಅದರ ಕೈ ತಾಗಿ ಒಂದು ಇಟ್ಟಿಗೆ ಚೂರು ಒಳಗೆ ಬಿತ್ತು. ಸದ್ದು ಬರಲು ಬಹಳ ಹೊತ್ತು ಹಿಡಿಯಿತು.

ದೊಡ್ಡವ್ವ ಆ ಕೂಸನ್ನು ಇತ್ತ ಎಳೆದು, ಕಂಕುಳಲ್ಲಿದ್ದುದನ್ನು ನನ್ನ ಮಡಿಲಿಗೆ ಹಾಕಿ, ತಾನೇ ಆ ಕಂಡಿಗೆ ಅಡ್ಡ ಕೂತಳು. ಬೆನ್ನ ಹಿಂದೆ ಗುಂಡಿ, ಎರಡೂ ಕೈ ಎರಡು ಬದಿಯ ಗೋಡೆಗೆ.

"ನನ್ನ ಮಾರಿ ನೋಡ್ರಿ. ಯಾರೂ ಏಳಬ್ಯಾಡ್ರಿ."

ಅವಳ ಬಳೆಗಳು ಗೋಡೆಗೆ ಬಡಿದು ಸದ್ದು ಮಾಡುತ್ತಿದ್ದವು. ಗುಂಡಿಯೊಳಗೆ ನುಗ್ಗುತ್ತಿದ್ದ ಗಾಳಿ ಅವಳ ಸೆರಗನ್ನು ಹಿಂದಕ್ಕೆ ಎಳೆಯುತ್ತಿತ್ತು. ಈಗ ಬೀಳುತ್ತಾಳೆ, ಈಗ ಬೀಳುತ್ತಾಳೆ ಎಂದು ನಾನು ಅವಳ ಮುಖವನ್ನೇ ನೋಡುತ್ತ ಕೂತಿದ್ದೆ. ಕೆಳಗಡೆ ಸಾಹೇಬರು ನಗುವುದು ಕೇಳುತ್ತಿತ್ತು. ಅವರೆಲ್ಲ ಹೋದಮೇಲೆ ಅವ್ವ ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಗೋಡೆಯಿಂದ ಬಿಡಿಸಬೇಕಾಯಿತು.

ಕಟ್ಟಡಗಳು ಇನ್ನೂ ದೂರ ಹೋದವು. ಹೋದ ವರ್ಷ ಪಿಂಪ್ರಿ-ಚಿಂಚವಾಡದ ಆಚೆ, ಅಂಥದೇ ಒಂದು ಶೆಡ್ಡಿನಲ್ಲಿ ದೊಡ್ಡವ್ವ ಹಾಸಿಗೆ ಹಿಡಿದಳು. ಓದು ಮುಗಿಸಿ ಖರಾಡಿಯ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದ ನಾನು ಪೇಢೆ ತಗೊಂಡು ಹೋದೆ. ಏಳನೆಯ ಮಹಡಿ ಎಂದೆ. ಅವಳು ಪೇಢೆ ಮುಟ್ಟಲಿಲ್ಲ.

"ಲಿಫ್ಟಿಗೆ ಬಾಗಲಾ ಹಾಕ್ಯಾರೇನ?"

"ಹಾಕ್ಯಾರ, ದೊಡ್ಡವ್ವ."

"ನೀ ನೋಡೀಯೇನ?"

"ನೋಡೀನಿ."

ನಂಬಲಿಲ್ಲ. ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡಳು. "ನಾಳಿ ಹೋದಾಗ ಇನ್ನೊಮ್ಮಿ ನೋಡು."

ಅದೇ ವಾರ ಅವಳು ತೀರಿಕೊಂಡಳು. ಇವತ್ತಿಗೂ ಲಿಫ್ಟು ತೆರೆದಾಗ ಎಲ್ಲರೂ ಮೊಬೈಲು ನೋಡುತ್ತ ಒಳಗೆ ನುಗ್ಗುತ್ತಾರೆ. ನಾನು ಮಾತ್ರ ಬಗ್ಗಿ, ಒಳಗೆ ನೆಲ ಇದೆಯೇ ಎಂದು ನೋಡಿ ಕಾಲಿಡುತ್ತೇನೆ.