ಹಲಗೆಯ ಹಿಂದಿನ ಸೀಳು

ಪ್ರೆಬೆನ್‌ನ ಕನಸಿನಲ್ಲಿ ಒಂದು ಚಾವಣಿ ಉಸಿರಾಡುತ್ತಿತ್ತು. ನಲವತ್ತೆರಡು ವರ್ಷದಿಂದ ಅದೇ ಚಾವಣಿ. ಕೆಳಗೆ ಪುಟ್ಟ ಮಕ್ಕಳು ಮಧ್ಯಾಹ್ನದ ನಿದ್ದೆಯಲ್ಲಿರುತ್ತಿದ್ದರು. ಮೇಲೆ ಬಿಳಿಯ ಹಲಗೆಗಳು ಮೆಲ್ಲನೆ ಏರುತ್ತಿದ್ದವು, ಮೆಲ್ಲನೆ ಇಳಿಯುತ್ತಿದ್ದವು. ಎದ್ದ ಮೇಲೆ ಅವನು ಕಾಫಿ ಕುಡಿದು, ಸೈಕಲ್ ಹತ್ತಿ, ನೆಲದೊಳಕ್ಕೆ ಚಾಚಿದ ಕಡಲು ಫ್ಯೋರ್ಡಿನ ದಂಡೆಗುಂಟ, ಮನೆ ಕಟ್ಟುವುದನ್ನು ಕಲಿಸುವ ಶಾಲೆಗೆ ಹೋಗುತ್ತಿದ್ದ. ಬಡಗಿಯಾಗಿದ್ದವನು ಮೇಷ್ಟ್ರಾದದ್ದು ಆ ಕನಸಿನ ಕಾಟಕ್ಕೆ ಎಂಬುದು ಊರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಅವನ ಪಾಠವೂ ಹಾಗೇ, ಅರ್ಧ ನಿದ್ದೆಯ ಪಾಠ. ನಾಲ್ಕು ವಿದ್ಯೆಯ ನಾಲ್ವರನ್ನು ಒಂದು ಗುಂಪು ಮಾಡುತ್ತಿದ್ದ: ನಕ್ಷೆ ಬರೆಯುವವನು, ತೊಲೆಯ ಬಲ ಲೆಕ್ಕ ಹಾಕುವವಳು, ಬಡಗಿ, ಮನೆಯೊಳಗೆ ಗಾಳಿಯಾಡಿಸುವ ಕೊಳವೆ ಹಾಕುವವಳು. ಎಲ್ಲರೂ ಸೇರಿ ಅಂಗಳದಲ್ಲಿ ಒಂದು ಮರದ ಮನೆ ಎಬ್ಬಿಸಬೇಕು. ಅಂಕ ಮಾತ್ರ ಅವರವರದು ಅವರವರಿಗೆ. ಒಂಬತ್ತೂವರೆಯ ಕಾಫಿಗೆ ಅವರು ಕೂತಾಗ ಪ್ರೆಬೆನ್ ಮೂಲೆಯಲ್ಲಿ ಕಪ್ಪು ರೊಟ್ಟಿ ಅಗಿಯುತ್ತ ಕಣ್ಣು ಮುಚ್ಚುತ್ತಿದ್ದ. ಮುದುಕ ತೂಕಡಿಸುತ್ತಾನೆ ಎಂದು ನಗುತ್ತಿದ್ದರು. ಅವನ ಕಿವಿ ಎಚ್ಚರವಾಗಿಯೇ ಇರುತ್ತಿತ್ತು. 'ಅದು ನನ್ನ ಕೆಲಸ ಅಲ್ಲ' ಎಂದು ಯಾರು ಎಷ್ಟು ಸಲ ಅಂದರು ಎಂಬುದನ್ನು ಅವನು ಎಣಿಸುತ್ತಿದ್ದ.

ಆ ಜೂನಿನದು ನಿವೃತ್ತಿಗೆ ಮುಂಚೆ ಅವನು ನಡೆಸುವ ಕೊನೆಯ ಪರೀಕ್ಷೆ. ಕೊಳವೆಯ ಹುಡುಗಿ ಸಿಸೆಲ್‌ಗೂ ಕೊನೆಯದೇ. ಬಾಯಿ ಸತ್ತ ಹುಡುಗಿ. ಪರೀಕ್ಷಕರ ಮುಂದೆ ನಾಲಿಗೆ ಹೊರಳದೆ ಎರಡು ಸಲ ಫೇಲಾಗಿದ್ದಳು. ಮೂರನೆಯ ಸಲವೂ ಹೋದರೆ ಆ ವಿದ್ಯೆಗೇ ಎಳ್ಳುನೀರು.

ಹಸಿರು ಬಟ್ಟೆ ಹಾಸಿದ ಮೇಜಿನಾಚೆ ಪ್ರೆಬೆನ್ ಕೂತಿದ್ದ. ಪಕ್ಕದಲ್ಲಿ ಹೊರಗಿನಿಂದ ಬಂದ ಪರೀಕ್ಷಕಿ ಬಿರ್ಥೆ. ಅವಳು ಸಿಸೆಲ್‌ಳ ನಕ್ಷೆಯ ಮೇಲೆ ಪೆನ್ಸಿಲ್ ಆಡಿಸಿದಳು.

"ಈ ಕೊಳವೆ ನೆಟ್ಟಗೆ ಹೋಗೋದು ಬಿಟ್ಟು ಯಾಕಮ್ಮ ಹೀಗೆ ಸುತ್ತಿದೆ? ಗಾಳಿಗೇನು ಊರು ನೋಡೋ ಆಸೇನಾ?"

"ನೆಟ್ಟಗೆ ಬಿಟ್ಟಿದ್ರೆ... ಚಾವಣೀಲಿ ಹಬೆ ತಡೆಯೋ ಹಾಳೆ ಇದ್ಯಲ್ಲ, ಅದನ್ನ ಸೀಳ್ಬೇಕಿತ್ತು."

"ಹಾಳೆ ಬಡಗಿದು. ನಿನಗ್ಯಾಕೆ ಅದರ ಉಸಾಬರಿ?"

ಸಿಸೆಲ್‌ಳ ಕಿವಿ ಕೆಂಪಾದವು. "ಸೀಳಿದವಳೇ ಅಂಟಿಸ್ತಾಳೆ ಅಂತ ಬಡಗಿ ಅಂದ್ಕೊಂಡಿದ್ದ. ಅವನು ಅಂಟಿಸ್ತಾನೆ ಅಂತ ನಾನು. ಯಾರೂ ಅಂಟಿಸ್ತಿರಲಿಲ್ಲ. ಹೋಗಿ ಅವನನ್ನೇ ಕೇಳ್ದೆ, ಕೊಳವೆ ತಿರುಗಿಸ್ದೆ... ಅಷ್ಟೆ."

ನಕ್ಷೆಯನ್ನು ಮೇಜಿನ ಮೇಲೇ ಬಿಟ್ಟು ಅವಳು ಹೊರಗೆ ಹೋದಳು.

"ಒಳ್ಳೇ ಹುಡುಗಿ, ಪಾಪ," ಎಂದಳು ಬಿರ್ಥೆ. "ಆದ್ರೆ ಇಷ್ಟು ತಿರುವಿದ್ರೆ ಗಾಳಿ ಏದುಸಿರು ಬಿಡತ್ತೆ, ಪ್ರೆಬೆನ್. ಉಳಿದ ಮೂವರ ನಕ್ಷೆ ಎಷ್ಟು ಚೊಕ್ಕ ನೋಡು. ಇವಳಿಗೆ ಸೊನ್ನೆ." ಅವಳು ಸೊನ್ನೆ ಬರೆದೂ ಬಿಟ್ಟಳು.

ಪ್ರೆಬೆನ್ ಕಿಟಕಿಯಾಚೆ ನೋಡುತ್ತಿದ್ದ. ಅಂಗಳದ ಮನೆಯ ಮುಂದೆ, ಮನೆ ಎದ್ದ ಮೇಲೆ ಮಾಡಿನ ನೆತ್ತಿಗೇರಿಸುವ ಹಸಿರೆಲೆಯ ಹಾರ ಹುಲ್ಲಿನ ಮೇಲೆ ಬಿದ್ದಿತ್ತು. ಎಲೆಗಳು ಗಾಳಿಗೆ ಏರಿ ಇಳಿಯುತ್ತಿದ್ದವು, ಕನಸಿನ ಹಲಗೆಗಳ ಹಾಗೆ.

"ಇಪ್ಪತ್ನಾಲ್ಕನೇ ವಯಸ್ಸಲ್ಲಿ ನಾನೊಂದು ಶಿಶುವಿಹಾರಕ್ಕೆ ಕೆಲಸ ಮಾಡ್ದೆ," ಎಂದ. "ವೈರ್ ಎಳೆಯೋನು ಹಾಳೆ ಸೀಳಿ ಹೋಗಿದ್ದ. ನಾನು ನೋಡ್ದೆ, ಬಿರ್ಥೆ. ನನ್ನ ಕೆಲಸ ಅಲ್ಲ ಅಂದ್ಕೊಂಡು ಮೇಲೆ ಹಲಗೆ ಹೊಡ್ದೆ. ದಾರ ಹಿಡಿದಷ್ಟು ನೇರ. ಮೂರು ಚಳಿಗಾಲ ಮಕ್ಕಳು ಕೆಮ್ಮಿದ್ವು. ಆಮೇಲೆ ಬಿಚ್ಚಿದ್ರೆ, ಸೀಳಲ್ಲಿ ಹಬೆ ನುಗ್ಗಿ ಒಳಗೆಲ್ಲ ಬೂಷ್ಟು. ಹಲಗೆ ಹೊಡೆದೋನು ಕಸುಬುದಾರ ಅಂತ ಎಲ್ಲರೂ ಹೊಗಳಿದ್ರು." ಅವನು ಕಿಟಕಿಯಿಂದ ಅವಳತ್ತ ತಿರುಗಿದ. "ಅವತ್ತು ಪರೀಕ್ಷೆಗೆ ನೀನು ಬಂದಿದ್ರೆ ನಂಗೆ ಹನ್ನೆರಡಕ್ಕೆ ಹನ್ನೆರಡೂ ಕೊಡ್ತಿದ್ದೆ."

ಬಿರ್ಥೆ ಪೆನ್ಸಿಲ್ ಕೆಳಗಿಟ್ಟಳು. "ಇದನ್ನ ಯಾರಿಗೂ ಹೇಳಿರ್ಲಿಲ್ವಾ?"

"ಇವತ್ತೇ."

ಅವಳು ರಬ್ಬರ್ ತೆಗೆದುಕೊಂಡು ಸೊನ್ನೆಯನ್ನು ಅಳಿಸಿ ಏಳು ಬರೆದಳು. ಪಾಸಾಗಲು ಅಷ್ಟು ಸಾಕಿತ್ತು.

ಸಂಜೆ ಅಂಗಳದಲ್ಲಿ ಸಾಸೇಜು, ಬಿಯರು. ಹಾರ ಕಟ್ಟಲು ಗುಂಪಿನ ಉಳಿದ ಮೂವರೂ ಸಿಸೆಲ್‌ಳನ್ನೇ ಏಣಿಗೆ ತಳ್ಳಿದರು. ಬಿಸಿಲು ಇಳಿಯಲು ಮನಸ್ಸಿಲ್ಲದೆ ಮಾಡಿನ ಮೇಲೇ ಕೂತಿತ್ತು.

"ಗಂಟು ಸರಿಯಾಗಿದ್ಯಾ?" ಮೇಲಿನಿಂದ ಕೂಗಿದಳು.

"ಇರು, ನೋಡ್ತೀನಿ." ಪ್ರೆಬೆನ್ ಏಣಿಯ ಮೇಲೆ ಕಾಲಿಟ್ಟ.

"ಸುಮ್ನಿರೋ ಮುದುಕಾ, ಅದು ನಿನ್ನ ಕೆಲಸ ಅಲ್ಲ!" ಎಂದು ಬಡಗಿ ಹುಡುಗ ನಕ್ಕ.

"ಗೊತ್ತು," ಎಂದು ಪ್ರೆಬೆನ್ ಹತ್ತುತ್ತ ಹೋದ.